ಎಕ್ಸ್‌ಎಲ್ ಅಂದ್ರ ದಪ್ಪ ಇದ್ದೋರಿಗೇನು? ಪ್ಯಾಡ್ ಪ್ಯಾಕೆಟಿನ ಅಳತಿ ಬಗ್ಗೆ

ಹೊಲಿಗಿ_ಮಷೀನ್ (ಕಲಬುರಗಿ)

ನಾ ಬ್ಲೌಸ್ ಹೊಲಿಯಾಕಿ. ಇಪ್ಪತ್ತು ವರ್ಷ ಆತು, ಕೊಳ್ಳಾಗ ಟೇಪ್ ಹಾಕ್ಕೊಂಡೇ ರೊಟ್ಟಿ ಬಡೀತೀನಿ. ಅಳತಿ ವಿಷಯ ಬಂದ್ರ ಸುಮ್ಕಿರ್ಲಿಕ್ಕ ಆಗಲ್ಲ, ಅದಕ್ಕ ಬರೀಲತ್ತೀನಿ. ಗಂಡಸ್ರು ಓದಿದ್ರೂ ನಡೀತದ.

ನಮ್ಮಕ್ಕನ ಮಗಳು ಪಿಯುಸಿ ಓದ್ಲಿಕ್ಕ ನಮ್ಮನ್ಯಾಗ ಇರ್ತಾಳ. ಕಡ್ಡಿ ಇದ್ದಂಗ ಇದ್ದಾಳ ಹುಡುಗಿ. ಮುಟ್ಟಾದಾಗ ಮಾತ್ರ ಭಾಳ ಹೋಗ್ತದ. ತಿಂಗಳಾ ಎರಡನೇ ದಿನ ಯೂನಿಫಾರ್ಮಿಗಿ ಕಲಿ ಆಗಿ, ವೇಲು ಸೊಂಟಕ್ಕ ಕಟ್ಕೊಂಡು ಮನಿಗಿ ಬರ್ತಾಳ. ಮೊನ್ನಿ ಕೇಳ್ದೆ, "ಯಾಕಬೇ, ಆ ಗಿಡ್ಡ ಪ್ಯಾಡೇ ತರ್ತಿ, ಉದ್ದಂದು ತರಬಾರ್ದಾ?" ಅಂತ. "ಚಿಗವ್ವಾ, ಎಕ್ಸ್‌ಎಲ್ ದಪ್ಪ ಇದ್ದೋರಿಗಿ ಅಲ್ಲೇನು? ನನಗ ಟಾಪ್ ಎಸ್ ಸೈಜ್ ಬರ್ತದಲ್ಲ" ಅಂದ್ಳು.

ನಗು ಬಂತು. ಆಮ್ಯಾಲ ಯೋಚ್ನಿ ಮಾಡಿದ್ರ ಆಕಿ ತಪ್ಪೇನದ? ಅಂಗಿ ಮ್ಯಾಲ, ಲೆಗ್ಗಿನ್ಸ್ ಮ್ಯಾಲ, ಒಳಚಡ್ಡಿ ಮ್ಯಾಲ ಎಲ್ಲಾ ಕಡಿ ಎಕ್ಸ್‌ಎಲ್ ಅಂದ್ರ ಮೈ ಅಳತಿ. ಇದೊಂದರ ಮ್ಯಾಲ ಮಾತ್ರ ಪ್ಯಾಡಿನ ಉದ್ದ ಅಂತ ಆ ಹುಡುಗಿಗಿ ಯಾರು ಹೇಳಿದ್ರು?

ಅವತ್ತೇ ಮೂರು ಕಂಪನಿ ಪ್ಯಾಕೆಟ್ ತಂದು ಮಷೀನ್ ಮ್ಯಾಲ ಬಿಚ್ಚಿ ಟೇಪ್ ಇಟ್ಟೆ. ಒಂದರ ಎಕ್ಸ್‌ಎಲ್ ಹನ್ನೊಂದು ಇಂಚು. ಇನ್ನೊಂದರ ಲಾರ್ಜೂ ಹನ್ನೊಂದೇ. ಮೂರನೇದು ಎಕ್ಸ್‌ಎಲ್ ಅಂತ ಅಂಗೈ ಅಗಲ ಬರ್ಕೊಂಡದ, ಅಳದ್ರ ಒಂಬತ್ತೂವರಿ. ಇದೆಲ್ಲಾ ಅಂಚಿನಿಂದ ಅಂಚಿಗಿ. ಬೆರಳಿಲೆ ಒತ್ತಿ ನೋಡಿದ್ರ ಒಳಗಿನ ಹೀರೋ ಪಟ್ಟಿ ಎರಡೂ ಕಡಿ ಮತ್ತಷ್ಟು ಕಮ್ಮಿ. ನಾ ಹೊಲಿಗಿಗಿ ಬಿಟ್ಟ ಬಟ್ಟಿನೂ ಸೇರ್ಸಿ ಎದಿ ಅಳತಿ ಹೇಳಿದ್ರ ಗಿರಾಕಿ ನನ್ನ ಬಿಡ್ತಾರೇನು?

ನಿಮ್ ಕಡಿ ಹೆಂಗದ ಹೇಳ್ರಿ. ನೀವೆಲ್ಲಾ ಏನ್ ನೋಡಿ ತಗೋತೀರಿ?

ಮೆಡಿಕಲ್_ಕೌಂಟರ್ (ಶಹಾಪುರ)

ಅಕ್ಕಾರ, ನಾ ಕೌಂಟರ್ ಈಚಿ ಕಡಿಂದ ನೋಡಿದ್ದು ಹೇಳ್ತೀನಿ. ಪ್ಯಾಕೆಟ್ ಓದಿ ತಗೋಳೋರನ್ನ ನಾ ಹದಿನಾಲ್ಕು ವರ್ಷದಾಗ ಎಣಿಸಬಹುದು. ಕ್ರೋಸಿನ್ ತಗೊಂಡ್ರ ಡೇಟ್ ನೋಡ್ತಾರ, ಹಾಲಿನ ಪುಡಿ ತಗೊಂಡ್ರ ಡೇಟ್ ನೋಡ್ತಾರ. ಇದನ್ನ ತಗೊಂಡ್ರ ಮೊದಲು ಹಿಂದ ಯಾರ್ ನಿಂತಾರ ನೋಡ್ತಾರ. ಅಂಗಡ್ಯಾಗ ನಾಕು ಮಂದಿ ಇದ್ರ ಹೆಣ್ಮಕ್ಕಳು ಬಾಜೂಕ ನಿಂದ್ರತಾರ. ಎಲ್ಲಾರೂ ಹೋದ ಮ್ಯಾಲ ಬೆರಳಿಲೆ ತೋರಿಸ್ತಾರ, ಹಸಿರಿಂದು, ಗುಲಾಬಿದು ಅಂತ. ನಮ್ ಕಡಿ ಸೈಜ್ ಅಂದ್ರ ಬಣ್ಣ. ಕಂಪನಿಯವ್ರು ಬಣ್ಣ ಬದಲು ಮಾಡಿದ ತಿಂಗಳು ನನಗ ಬೈಗುಳ.

"ವಿಸ್ಪರ್ ಕೊಡ್ರಿ" ಅಂತಾರ, ಯಾವ ಕಂಪನಿದು ಕೊಟ್ರೂ ಒಯ್ತಾರ. ವನಸ್ಪತಿಗೆಲ್ಲಾ ಡಾಲ್ಡಾ ಅಂದಂಗ.

ನಾ ಪೇಪರ್ ಸುತ್ತಿ ಕರಿ ಚೀಲದಾಗ ಕೊಡ್ತೀನಿ, ಸುಳ್ಳು ಯಾಕ ಹೇಳ್ಳಿ. ಒಮ್ಮಿ ಸುತ್ತದೇ ಕೊಟ್ಟಿದ್ದೆ, ಆ ಅಕ್ಕ ಪ್ಯಾಕೆಟ್ ಕೌಂಟರ್ ಮ್ಯಾಲೇ ಬಿಟ್ಟು ಹೋದ್ರು. ಇನ್ನ ಪೇಪರ್ ಒಳಗ ಸುತ್ತಿದ ಮ್ಯಾಲ ಲೇಬಲ್ ಯಾರ್ ಓದ್ಬೇಕು ಹೇಳ್ರಿ.

ರೇಟಿನ ಬಗ್ಗೆ ಒಂದು ಮಾತು. 2017ರ ಜುಲೈದಾಗ ಜಿಎಸ್‌ಟಿ ಬಂದಾಗ ಇದರ ಮ್ಯಾಲ 12 ಪರ್ಸೆಂಟ್ ಇತ್ತು, 2018ರ ಜುಲೈದಾಗ ಪೂರಾ ತೆಗೆದ್ರು. "ತೆರಿಗಿ ಹೋಯ್ತು, ನೀ ಯಾಕ ಹಳೇ ರೇಟ್ ತಗೋತಿ" ಅಂತ ಭಾಳ ಮಂದಿ ಜಗಳಾಡಿದ್ರು. ಕಚ್ಚಾ ಮಾಲಿನ ಮ್ಯಾಲ ಕಂಪನಿಯವ್ರು ಕಟ್ಟಿದ ತೆರಿಗಿ ಆವಾಗಿಂದ ಅವ್ರಿಗಿ ವಾಪಸ್ ಬರಂಗಿಲ್ಲ. ಹಂಗಾಗಿ 12 ಹೋದ್ರೂ ರೇಟು 12 ಇಳೀಲಿಲ್ಲ. ನನ್ನ ಕೈಯಾಗ ಏನೂ ಇಲ್ಲ.

ತೊಗರಿ_ಹೊಲ (ಆಳಂದ)

ಅಳತಿ ಬಿಡ್ರಿ ಅಕ್ಕಾ, ನನಗ ಸಿಟ್ಟು ಬರೋದು ಒಂದು ಪ್ಯಾಡ್ 12 ಗಂಟಿ ನಡೀತದ ಅಂತಾರಲ್ಲ, ಆ ಮಾತಿನ ಮ್ಯಾಲ. ಟಿವ್ಯಾಗ ಹುಡುಗಿ ಬಿಳಿ ಪ್ಯಾಂಟ್ ಹಾಕ್ಕೊಂಡು ಜಿಗೀತಾಳ. ಯಾರರೇ ಮುಟ್ಟಾದಾಗ ಬಿಳಿ ಪ್ಯಾಂಟ್ ಹಾಕೋತಾರಾ? ನಮ್ಮಂದಿ ಆ ನಾಕು ದಿನ ಹುಡುಕಿ ಹುಡುಕಿ ಕರಿ ಸೀರಿ, ಕಂದು ಸೀರಿ ಉಡ್ತಾರ.

ತೊಗರಿ ಕಟಾವಿಗಿ ಮುಂಜಾನಿ ಆರಕ್ಕ ಹೋದ್ರ ಸಂಜಿಕ ಬರೋದು. ಹೊಲದಾಗ ಬದಲಾಯಿಸ್ಲಿಕ್ಕ ಒಂದು ಮರಿ ಇಲ್ಲ, ನೀರಿಲ್ಲ. ನಮ್ಮ ಅತ್ತಿ "ಹನ್ನೆರಡು ತಾಸು ನಡೀತದಂತ, ಟಿವ್ಯಾಗ ಹೇಳ್ಯಾರ" ಅಂತ ಒಂದೇ ಪ್ಯಾಡ್ ಹಾಕ್ಕೊಂಡು ದಿನಾ ಕಳೀತಿದ್ಳು. ತೊಡಿ ಸಂದಿ ಸುಲ್ದು ನಡೀಲಿಕ್ಕ ಬರ್ತಿದ್ದಿಲ್ಲ. ಮೇ ತಿಂಗಳ ಬಿಸಿಲಂತೂ ಕೇಳ್ಬ್ಯಾಡ್ರಿ.

ಬಿಫಾರ್ಮ್_ಮೂರನೇವರ್ಷ (ಬೀದರ್)

ತೊಗರಿ ಹೊಲದ ಅಕ್ಕಾ, ಆ 12 ಗಂಟೆಯ ಪಕ್ಕ ಒಂದು ಚುಕ್ಕಿ ಇರುತ್ತದೆ ನೋಡಿ. ಹಿಂದೆ ತಿರುಗಿಸಿದರೆ ಅದೇ ಚುಕ್ಕಿ ಹಾಕಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 'ಪ್ರಯೋಗಾಲಯದ ಪರೀಕ್ಷೆಯ ಪ್ರಕಾರ' ಅನ್ನುವ ಧಾಟಿಯ ಮಾತು, ಇಂಗ್ಲಿಷಿನಲ್ಲಿ. ಸೋರುವುದಿಲ್ಲ ಅನ್ನುವುದು ಬೇರೆ, ಅಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವುದು ಬೇರೆ. ಸಾಮಾನ್ಯವಾಗಿ ಹೇಳುವುದು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಿ ಅಂತ. ಅದನ್ನು ಯಾರೂ ಮುಂದೆ ದೊಡ್ಡದಾಗಿ ಅಚ್ಚು ಹಾಕುವುದಿಲ್ಲ.

ಒಳಗೇನಿದೆ ಅಂತ ಒಮ್ಮೆ ಲ್ಯಾಬಿನಲ್ಲಿ ಕತ್ತರಿಸಿ ನೋಡಿದ್ದೆವು. ಮೇಲಿನ ಪದರ ಪ್ಲಾಸ್ಟಿಕ್ಕಿನದು, ಸಣ್ಣ ತೂತಿನ ಹಾಳೆ ಇಲ್ಲವೇ ಬಟ್ಟೆಯಂತೆ ಮೆತ್ತಗಿರುವ ಪಾಲಿಪ್ರೊಪಿಲೀನ್. ನಡುವೆ ಮರದ ತಿರುಳಿನ ಹತ್ತಿಯಂಥ ಪುಡಿ, ಅದರಲ್ಲಿ ಸಕ್ಕರೆ ಹರಳಿನಂಥ ಹೀರುವ ಪಾಲಿಮರ್, ನೀರು ಬಿದ್ದರೆ ಜೆಲ್ಲಿ ಆಗುವಂಥದ್ದು. ಕೆಳಗೆ ಪಾಲಿಥೀನ್. 'ಕಾಟನಿ' ಅಂತ ಬರೆದಿರುವುದು ಕಾಟನ್ ಅಲ್ಲ, ಕಾಟನ್ನಿನ ಹಾಗೆ ಅನಿಸುವುದು ಅಂತ. ಆ ಒಂದು 'ಇ'ಕಾರದಲ್ಲಿ ಹತ್ತಿ ಮಾಯ. ಹತ್ತಿ ಬೆಳೆಯುವ ಜಿಲ್ಲೆಯವರಿಗೆ ಈ ಮಾತು ಹೇಳಬೇಕಾಗಿ ಬಂದಿದೆ!

ಹೊಲಿಗೆ ಅಕ್ಕನ ಪ್ರಶ್ನೆಗೆ. ಪ್ಯಾಡಿಗೆ ಭಾರತೀಯ ಮಾನಕ ಇದೆ, ಐಎಸ್ 5405. ಅದರ 1980ರ ಆವೃತ್ತಿಯಲ್ಲಿ ನಿಮಿಷಕ್ಕೆ 15 ಮಿಲಿಯಂತೆ 30 ಮಿಲಿ ದ್ರವ ಬಿಟ್ಟರೆ ಕೆಳಗೂ ಪಕ್ಕಕ್ಕೂ ಬರದಂತೆ ಹೀರಬೇಕು ಅಂತ ಪರೀಕ್ಷೆ ಇತ್ತು. 2019ರಲ್ಲಿ ಮಾನಕ ಪರಿಷ್ಕರಣೆಯಾಗಿದೆ. ಅಂದರೆ ಎಷ್ಟು ಹೀರುತ್ತದೆ ಅನ್ನುವುದನ್ನು ಅಳೆಯಲು ಬರುತ್ತದೆ, ಕಂಪನಿಗೂ ಗೊತ್ತಿರುತ್ತದೆ. ಪ್ಯಾಕೆಟ್ಟಿನ ಮೇಲೆ ಮಾತ್ರ ಬರುವುದಿಲ್ಲ. ಅಮೆರಿಕದಲ್ಲಿ 1980ರ ಸುಮಾರಿಗೆ ಟ್ಯಾಂಪೂನ್, ಅಂದರೆ ಮೈಯೊಳಗೆ ಇಟ್ಟುಕೊಳ್ಳುವ ಹೀರುಬತ್ತಿ, ಬಳಸಿದವರಲ್ಲಿ ಟಾಕ್ಸಿಕ್ ಶಾಕ್ ಅನ್ನುವ ಕಾಯಿಲೆ ಕಾಣಿಸಿ ಹೆಣ್ಣುಮಕ್ಕಳು ಸತ್ತ ಮೇಲೆ ಅಲ್ಲಿನ ಸರ್ಕಾರ ಎಷ್ಟು ಗ್ರಾಂ ಹೀರುತ್ತದೆ ಅನ್ನುವ ಲೆಕ್ಕ ತಂದಿತು. ರೆಗ್ಯುಲರ್ ಅಂದರೆ 6ರಿಂದ 9 ಗ್ರಾಂ, ಸೂಪರ್ ಅಂದರೆ 9ರಿಂದ 12. ಯಾವ ಕಂಪನಿಯಾದರೂ ಅದೇ ಅರ್ಥ. ನಮ್ಮಲ್ಲಿ ಎಕ್ಸ್‌ಎಲ್ಲಿಗೆ ಒಬ್ಬೊಬ್ಬರದು ಒಂದೊಂದು ಅರ್ಥ.

ಹಳೇ_ಮಾಸ್ತರ (ಹುಮನಾಬಾದ್)

ಕ್ಷಮಿಸಿ, ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಆದರೂ ಕೇಳುತ್ತೇನೆ. ಇಂಥ ವಿಷಯವನ್ನು ಎಲ್ಲರೆದುರು ಇಷ್ಟು ಬಿಡಿಸಿ ಹೇಳಬೇಕೆ? ಹೆಂಗಸರು ಹೆಂಗಸರು ಮಾತಾಡಿಕೊಳ್ಳುವುದು ಮೊದಲಿನಿಂದ ಬಂದ ಪದ್ಧತಿ. ಮರ್ಯಾದೆ ಅಂತ ಒಂದಿದೆ.

ಅನುಭವಮಂಟಪದ_ಓಣಿ (ಬಸವಕಲ್ಯಾಣ)

ಮಾಸ್ತರ, ನಿಮ್ಮ ತಾಲೂಕಿನ ಬಾಜೂದಾಗೇ ಕುಂತು ಬರೀಲತ್ತೀನಿ. ಶರಣರು ಐದು ಸೂತಕ ಇಲ್ಲ ಅಂದ್ರಲ್ಲ, ಜಾತಿ, ಜನನ, ಪ್ರೇತ, ಉಚ್ಛಿಷ್ಟ, ರಜಸ್ಸು. ಹನ್ನೆರಡನೇ ಶತಮಾನದಾಗ ಇದೇ ಊರಾಗ ರಜಸ್ಸೂತಕ ಇಲ್ಲ ಅಂತ ಹೇಳ್ಯಾರ. ನಾವು ಬಸವ ಜಯಂತಿ ದಿನ ಅದನ್ನ ಮೈಕಿನ್ಯಾಗ ಹೇಳ್ತೀವಿ, ಮರುದಿನ ಮೆಡಿಕಲ್ಲಿನ್ಯಾಗ ಕರಿ ಚೀಲ ಕೇಳ್ತೀವಿ. ನಾನೂ ಕೇಳೀನಿ, ನಿಮಗಷ್ಟೇ ಹೇಳ್ಲತ್ತಿಲ್ಲ.

ಇನ್ನೊಂದು. ಯಾವ ಪ್ಯಾಕೆಟಿನ ಮ್ಯಾಲರೇ 'ಮುಟ್ಟು' ಅನ್ನೋ ಶಬ್ದ ನೋಡೀರೇನ್ರಿ ಯಾರರೇ? ಜಾಹೀರಾತಿನ ಕನ್ನಡದಾಗ 'ಆ ದಿನಗಳು'. ನಮ್ಮಾಯಿ ಕಡಿಗಿ ಆಗೀನಿ ಅಂತಿದ್ಳು, ಅವ್ವ ಹೊರಗ ಕುಂತೀನಿ ಅಂತಾಳ, ನನ್ನ ಮಗಳು ಡೇಟ್ ಅಂತಾಳ. ಕಂಪನಿ 'ಆ ದಿನಗಳು' ಅಂತದ. ಎಲ್ಲಾರೂ ಅದರ ಸುತ್ತಾ ಹಾಯ್ದು ಹೋಗೋರೇ. 2014ರಾಗ ಒಂದು ಕಂಪನಿ ಉಪ್ಪಿನಕಾಯಿ ಮುಟ್ರಿ ಅಂತ ದೊಡ್ಡ ಪ್ರಚಾರ ಮಾಡ್ತು, ಮರುವರ್ಷ ಕಾನ್ ಜಾಹೀರಾತು ಉತ್ಸವದಾಗ ದೊಡ್ಡ ಬಹುಮಾನನೂ ಬಂತು. ಕನ್ನಡದಾಗ ಮಾಡಿದ್ರ ಆ ಮಾತು ಎಷ್ಟು ಚೆಂದ ಕುಂದ್ರತಿತ್ತು ನೋಡ್ರಿ, ಮುಟ್ಟಾದಾಗ ಮುಟ್ಟು ಅಂತ. ನಮ್ಮನ್ಯಾಗ ಉಪ್ಪಿನಕಾಯಿ ಭರಣಿ ಇನ್ನೂ ಅವ್ವನ ಕಾವಲಿನ್ಯಾಗೇ ಅದ, ಅದು ಬ್ಯಾರೆ ಮಾತು.

ತೊಗರಿ_ಹೊಲ (ಆಳಂದ)

ಮತ್ತ ಜಾಹೀರಾತಿನ್ಯಾಗ ಪ್ಯಾಡಿನ ಮ್ಯಾಲ ಸುರುವೋ ಆ ನೀಲಿ ನೀರು! ನಾ ಸಣ್ಣಾಕಿ ಇದ್ದಾಗ ಅದು ಇಂಕ್ ಒರಿಸೋ ಬಟ್ಟಿ ಅಂತ ತಿಳ್ಕೊಂಡಿದ್ದೆ, ಖರೇ.

ಬಿಫಾರ್ಮ್_ಮೂರನೇವರ್ಷ (ಬೀದರ್)

ಅದು ಕೆಂಪಾಗಿದ್ದು ಈಚೆಗೆ. ಬ್ರಿಟನ್ನಿನಲ್ಲಿ 2017ರಲ್ಲಿ ಒಂದು ಕಂಪನಿ ಕೆಂಪು ದ್ರವ ತೋರಿಸಿತು. ನಮ್ಮಲ್ಲಿ 2020ರಲ್ಲಿ ರಾಧಿಕಾ ಆಪ್ಟೆ ಇದ್ದ ರಿಯೋ ಪ್ಯಾಡಿನ ಜಾಹೀರಾತಿನಲ್ಲಿ ಕೆಂಪು ಬಂತು. ನಮ್ಮ ಹಾಸ್ಟೆಲಿನಲ್ಲಿ ಅದು ಬಂದಾಗ ಹುಡುಗಿಯರೇ ಚಾನೆಲ್ ಬದಲಾಯಿಸಿದರು, ಅದನ್ನೂ ಹೇಳಿಬಿಡುತ್ತೇನೆ.

ಕರಿಕೋಟು (ಯಾದಗಿರಿ)

ಕೋರ್ಟಿನಿಂದ ಈಗ ಬಂದೆ, ಪೂರಾ ಓದ್ದೆ. ಕಾನೂನು ಏನ್ ಕೇಳ್ತದ, ಏನ್ ಕೇಳಂಗಿಲ್ಲ ಅಂತ ಹೇಳ್ತೀನಿ.

2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಪ್ಯಾಕೆಟಿನ ಮ್ಯಾಲ ತಯಾರಕರ ಹೆಸರು ವಿಳಾಸ, ಎಷ್ಟು ಅವ ಅನ್ನೋ ಸಂಖ್ಯಾ, ತಯಾರಾದ ತಿಂಗಳು ವರ್ಷ, ಎಲ್ಲಾ ತೆರಿಗಿ ಸೇರಿದ ಎಂಆರ್‌ಪಿ, ದೂರು ಹೇಳ್ಲಿಕ್ಕ ಫೋನ್ ನಂಬರ್, ಇಷ್ಟು ಇರಬೇಕು. ಈಗೀಗ ಒಂದರ ಬೆಲಿನೂ ಹಾಕ್ತಾರ. ಎಂಆರ್‌ಪಿ ಬಾಜೂಕ ಗೀಟು ಎಳ್ದು 'ಎನ್' ಅಂತ ಇರ್ತದ ನೋಡ್ರಿ, ಅದು ನಂಬರ್ ಅಂತ, ಒಂದಕ್ಕ ಇಷ್ಟು ಅಂತ. ನಮ್ಮ ಹೆಂಡ್ತಿ 42 ರೂಪಾಯಿಗಿ ಏಳು ಇರೋದನ್ನ ಬಿಟ್ಟು 'ಸೇವಿಂಗ್ಸ್ ಪ್ಯಾಕ್' ಅಂತ 120 ರೂಪಾಯಿಗಿ ಹದಿನೈದು ಇರೋದು ತಂದಿದ್ಳು. ಮೊದಲಿಂದು ಒಂದಕ್ಕ 6, ಎರಡನೇದು ಒಂದಕ್ಕ 8. ಎರಡನೇದು ಉದ್ದ ಅದ ಅಂತ ವಾದ ಮಾಡ್ಬಹುದು, ಆದ್ರ ಉಳಿತಾಯ ಎಲ್ಲಿಂದ ಬಂತು?

ಈಗ ಮುಖ್ಯ ಮಾತು. ಇದೇ ನಿಯಮ ಈ ವಿವರ ಎಲ್ಲಾ ದೇವನಾಗರಿ ಹಿಂದಿಯಾಗರೇ ಇಲ್ಲಾ ಇಂಗ್ಲಿಷಿನ್ಯಾಗರೇ ಇರಬೇಕು ಅಂತದ. ಬ್ಯಾರೆ ಭಾಷಾ ಜೋಡಿ ಹಾಕ್ಬಹುದು, ಹಾಕ್ಲೇಬೇಕು ಅಂತಿಲ್ಲ. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕರ್ನಾಟಕದಾಗ ತಯಾರಾದ ಸರಕಿನ ಹೆಸರು, ಬಳಸೋ ಸೂಚನಾ ಕನ್ನಡದಾಗೂ ಇರಬೇಕು ಅಂತದ. ಬ್ಯಾರೆ ರಾಜ್ಯದಾಗ ತಯಾರಾಗಿ ಬಂದದ್ದಕ್ಕ ಅದು ಹತ್ತಂಗಿಲ್ಲ. ನಿಮ್ಮನ್ಯಾಗಿನ ಪ್ಯಾಕೆಟ್ ತಿರುವಿ ಎಲ್ಲಿ ತಯಾರಾಗ್ಯದ ಓದ್ರಿ, ಗೊತ್ತಾಗ್ತದ.

ಜಾಹೀರಾತಿಗಿ ಮಾತ್ರ ಒಂದು ಹಿಡಿ ಅದ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್ ಮಾರ್ಗಸೂಚಿ ಪ್ರಕಾರ, ದೊಡ್ಡ ಮಾತು ಯಾವ ಭಾಷೆದಾಗ ಹೇಳ್ತೀರೋ ಚುಕ್ಕಿ ಹಾಕಿದ ಸಣ್ಣ ಮಾತೂ ಅದೇ ಭಾಷೆದಾಗ ಇರಬೇಕು. ಟಿವ್ಯಾಗ ಕನ್ನಡದಾಗ 12 ಗಂಟಿ ಅಂದು ಕೆಳಗ ಇಂಗ್ಲಿಷ್ ಓಡಿಸಿದ್ರ 1915ಕ್ಕ ಫೋನ್ ಹಚ್ಚಿ ದೂರು ಕೊಡ್ರಿ.

ಸ್ವಸಹಾಯ_ಭಾಲ್ಕಿ

ವಕೀಲ ಸಾಹೇಬ್ರ, ನಂದೊಂದು ಕೇಳ್ರಿ. ಅಂಗಡಿ ಪ್ಯಾಡ್ ಅಲ್ಲ ಇದು, ಮನಿಗಿ ಬಂದು ಮಾರೋದು.

ಹೋದ ವರ್ಷ ನಮ್ ಸಂಘದ ಮೀಟಿಂಗಿಗಿ ಒಬ್ರು ಬಂದ್ರು, ಭಾಳ ಮೆತ್ತಗ ಮಾತಾಡ್ತಿದ್ರು, ಎಲ್ಲಾರಿಗೂ ಅಕ್ಕಾ ಅಕ್ಕಾ ಅಂತ. ಚೀಲದಿಂದ ಎರಡು ಪ್ಯಾಡ್ ತೆಗೆದ್ರು. ಅಂಗಡಿದು ಹರ್ದು ಬೆಂಕಿ ಹಚ್ಚಿದ್ರು, ಕರಿ ಹೊಗಿ ಬಂತು. "ನೋಡ್ರಿ ಅಕ್ಕಾ, ಇದನ್ನ ಮೈಗಿ ಹಚ್ಕೊಳ್ಳಾಕತ್ತೀರಿ" ಅಂದ್ರು. ತಮ್ಮದರ ಮ್ಯಾಲ ಒಂದು ಲೋಟ ನೀರು ಸುರುವಿ ಕಾಗದ ಒತ್ತಿ ತೋರ್ಸಿದ್ರು, ಒಣದು. ನಡುವ ಒಂದು ಹಸಿರು ಪಟ್ಟಿ ಇತ್ತು. ಅನಿಯಾನ್ ಅಂತ, ಅದರಿಂದ ಹೊಟ್ಟಿನೋವು ಹೋಗ್ತದ, ಬಿಳಿಮುಟ್ಟು ಹೋಗ್ತದ, ಗರ್ಭಕೋಶದ ಗಡ್ಡಿ ಕರಗ್ತದ, ತಿಂಗಳು ಸರಿ ಆಗ್ತದ ಅಂದ್ರು. ನಮ್ ಸಂಘದಾಗ ಒಬ್ಬಾಕಿಗಿ ಗಡ್ಡಿ ಆಗಿತ್ತು, ಡಾಕ್ಟರ್ ಆಪರೇಷನ್ ಅಂದಿದ್ರು. ಆಕಿ ಉಳಿತಾಯದ ರೊಕ್ಕದಾಗ ಆರು ತಿಂಗಳಿನದು ಒಮ್ಮೆಲೇ ತಗೊಂಡ್ಳು. ಮ್ಯಾಲ ನಾಕು ಮಂದಿನ ಸೇರಿಸಿದ್ರ ಕಮಿಷನ್ ಅಂದಿದ್ರಲ್ಲ, ಸ್ವಂತ ತಂಗಿಗೂ ಮಾರಿದ್ಳು. ಗಡ್ಡಿ ಕರಗಲಿಲ್ಲ. ಆಪರೇಷನ್ ತಡಾ ಆಗಿ ರಕ್ತ ಏರಿಸ್ಬೇಕಾತು. ಆ ಮನಿಷ್ಯಾನ ಫೋನ್ ಈಗ ಹತ್ತಂಗಿಲ್ಲ.

ಪ್ಯಾಕೆಟಿನ ಮ್ಯಾಲ ನೋಡಿದ್ರ ಗಡ್ಡಿ ಗಿಡ್ಡಿ ಏನೂ ಬರ್ದಿಲ್ಲ. ಎಲ್ಲಾ ಬಾಯಿಲೆ ಹೇಳಿದ್ದು.

ಬಿಫಾರ್ಮ್_ಮೂರನೇವರ್ಷ (ಬೀದರ್)

ಆ ಎರಡೂ ಆಟ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಪದರ ಇರುವ ಪ್ಯಾಡ್ ಸುಟ್ಟರೆ ಹೊಗೆ ಬರುತ್ತದೆ, ಅದರಿಂದ ಮೈಗೆ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ನೀರು ಸುರಿದರೂ ಒಣಗಿರುವುದು ಆ ಪಾಲಿಮರ್ ಹರಳಿನ ಕೆಲಸ. ಅದು ಅವರು ಸುಟ್ಟ ಅಂಗಡಿ ಪ್ಯಾಡಿನಲ್ಲೂ ಇರುವಂಥದ್ದೇ. ಅದರ ಮೇಲೂ ಒಂದು ಲೋಟ ಸುರಿಯಿರಿ ಅನ್ನಬೇಕಿತ್ತು. ಗಡ್ಡೆ ಕರಗಿಸುವ ಪಟ್ಟಿ ಯಾವುದೂ ಇಲ್ಲ.

ಅಂಗಡಿ ಪ್ಯಾಡಿನಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಹತ್ತು ಮಾದರಿ ಪರೀಕ್ಷಿಸಿ ಪ್ಲಾಸ್ಟಿಕ್ ಮೆತ್ತಗಾಗಿಸುವ ಥ್ಯಾಲೇಟು, ಆವಿಯಾಗುವ ರಾಸಾಯನಿಕಗಳು ಸಿಕ್ಕವು ಅಂದಿತ್ತು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ಒಳಗೇನಿದೆ ಅಂತ ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು ಅಂತ ಕಾನೂನಿದೆ. ಇಲ್ಲೂ ಬರೆದಿದ್ದರೆ ಆ ಮನುಷ್ಯನಿಗೆ ಹೆದರಿಸಲು ಜಾಗ ಕಮ್ಮಿ ಇರುತ್ತಿತ್ತು.

ಕರಿಕೋಟು (ಯಾದಗಿರಿ)

ಭಾಲ್ಕಿ ಅಕ್ಕಾರ, 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದಾ ಅಂತ ಒಂದದ. ಅದರ ಮೂರನೇ ಕಲಮಿನ್ಯಾಗ ಹೆಣ್ಮಕ್ಕಳ ಮುಟ್ಟಿನ ದೋಷ ಸರಿ ಮಾಡ್ತೀವಿ ಅಂತ ಜಾಹೀರಾತು ಮಾಡಬಾರ್ದು ಅಂತ ಖುಲ್ಲಾ ಬರ್ದದ. ಬಾಯಿಲೆ ಸಾರಿದ್ದೂ ಜಾಹೀರಾತೇ. ಪ್ಯಾಡಿಗಿ 'ಔಷಧ' ಅನ್ನೋದು ಹತ್ತತದೋ ಇಲ್ಲೋ ಅಂತ ಎದುರು ವಕೀಲರು ವಾದ ಹೂಡ್ತಾರ, ಆದ್ರ ಮೈಯೊಳಗಿನ ಕೆಲಸದ ಮ್ಯಾಲ ಪರಿಣಾಮ ಮಾಡ್ತದ ಅಂತ ಮಾರಿದ ವಸ್ತು ಆ ವ್ಯಾಖ್ಯಾನದೊಳಗ ಬರ್ತದ ಅಂತ ನನ್ನ ಓದು. ರಸೀದಿ ಅದಾವೇನು? ವಾಟ್ಸಾಪಿನ್ಯಾಗ ಕಳಿಸಿದ ವಿಡಿಯೋ ಅಳಿಸಬ್ಯಾಡ್ರಿ.

ಆಶಾ_ಚೀಲ (ಸುರಪುರ)

ನಾ ಆಶಾ ಕಾರ್ಯಕರ್ತಿ. ಎಲ್ಲಾರೂ ಪ್ಯಾಕೆಟಿನ ಬಗ್ಗೆ ಮಾತಾಡ್ಲತ್ತೀರಿ, ಆ ಹುಡುಗಿ ಬಗ್ಗೆ ಯಾರೂ ಕೇಳ್ಳಿಲ್ಲ. ಹೊಲಿಗಿ ಅಕ್ಕಾ, ತಿಂಗಳಾ ಎರಡನೇ ದಿನ ಕಲಿ ಆಗೋದು ಪ್ಯಾಡ್ ಗಿಡ್ಡಿದ್ದಕ್ಕ ಅಷ್ಟೇ ಅಂತ ಬಿಡಬ್ಯಾಡ್ರಿ. ಒಂದು ಸಲದ ಮುಟ್ಟಿನ್ಯಾಗ ಸಾಧಾರಣ 30-40 ಮಿಲಿ ರಕ್ತ ಹೋಗ್ತದ. 80 ದಾಟಿದ್ರ ಜಾಸ್ತಿ ಅಂತ ಡಾಕ್ಟ್ರು ಹೇಳ್ತಾರ. ಮಿಲಿ ಯಾರ್ ಅಳೀತಾರ? ತಾಸಿಗೊಂದು ಎರಡು ತಾಸಿಗೊಂದು ಪ್ಯಾಡ್ ತುಂಬಿದ್ರ, ರಕ್ತ ಹೆಪ್ಪುಗಟ್ಟಿ ಗಡ್ಡಿ ಗಡ್ಡಿ ಬಿದ್ರ, ರಾತ್ರಿ ಎದ್ದು ಬದಲಾಯಿಸೋದಾದ್ರ ತೋರಿಸ್ಬೇಕು. ಮಾರಿ ಬಿಳಚ್ಕೊಂಡದೇನು ಆಕಿದು? ಮೆಟ್ಟಲಾ ಹತ್ತಿದ್ರ ಉಸಿರು ಏರ್ತದೇನು? ನಾಳಿಗೇ ಹಿಮೋಗ್ಲೋಬಿನ್ ಮಾಡಿಸ್ರಿ.

ಇನ್ನ ಹಾಸ್ಟೆಲ್ ಹುಡುಗ್ಯಾರಿಗಿ ಸರ್ಕಾರದ ಶುಚಿ ಯೋಜನೆದು ಪುಕ್ಕಟ ಪ್ಯಾಡ್ ಬರ್ತಾವ, ನಡುವ ಕೆಲವು ವರ್ಷ ನಿಂತಿದ್ದವು. ಕೈ ಬಿಗಿ ಇದ್ದೋರಿಗಿ ನಾ ಸರ್ಕಾರದ ಜನೌಷಧಿ ಅಂಗಡಿ ಪ್ಯಾಡ್ ಹೇಳ್ತೀನಿ, 2019ರಿಂದ ಒಂದಕ್ಕ ಒಂದೇ ರೂಪಾಯಿ. "ಒಂದು ರೂಪಾಯಿಂದು ಚಲೋ ಇರ್ತದೇನು" ಅಂತ ನನಗೇ ಕೇಳ್ತಾರ. ಬಣ್ಣದ ಪ್ಯಾಕೆಟ್ ಅಲ್ಲಲ್ಲ.

ಪೌರಕಾರ್ಮಿಕರ_ಮಗ (ಕಲಬುರಗಿ)

ನಮ್ಮವ್ವ ಕಸ ಆರಿಸ್ತಾಳ. 2016ರ ಘನತ್ಯಾಜ್ಯ ನಿಯಮದಾಗ ಪ್ಯಾಡ್ ಕಂಪನಿಯವ್ರು ಮರುಬಳಕಿ ಆಗೋ ಮಾಲು ಹಾಕ್ಲಿಕ್ಕ ನೋಡಬೇಕು, ಇಲ್ಲಾ ಪ್ರತಿಯೊಂದಕ್ಕೂ ಸುತ್ತಿ ಎಸಿಲಿಕ್ಕ ಚೀಲಾ ಕೊಡಬೇಕು, ಹೆಂಗ ಎಸೀಬೇಕು ಅಂತ ಮಂದಿಗಿ ತಿಳಿಸಬೇಕು ಅಂತ ಇತ್ತು. ಚೀಲಾ ಕೆಲವ್ರು ಕೊಡ್ತಾರ. ತಿಳಿಸೋದು ಎಲ್ಲಿ? ಇಂಗ್ಲಿಷಿನ್ಯಾಗ ಒಂದು ಸಾಲು. ನಮ್ಮವ್ವಗ ಸಿಗೋದು ಹಸಿ ಕಸದಾಗ, ಉಳ್ದ ಅನ್ನದ ಜೋಡಿ, ಬಿಚ್ಚಿದ್ದೇ. ಸುತ್ತಿ ಬ್ಯಾರೆ ಇಡ್ರಿ, ಇಷ್ಟೇ.

ಹಳೇ_ಮಾಸ್ತರ (ಹುಮನಾಬಾದ್)

ಮೊನ್ನೆ ಬರೆದದ್ದಕ್ಕೆ ಇಬ್ಬರೂ ಹೆಣ್ಣುಮಕ್ಕಳು ಫೋನ್ ಮಾಡಿ ಬೈದರು. ಈ ಹೆಸರಿನಲ್ಲಿ ಬರೆಯುವುದು ನಾನೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ. ಮನೆಯಲ್ಲಿದ್ದ ಪ್ಯಾಕೆಟ್ ತೆಗೆದು ಕನ್ನಡಕ ಹಾಕಿಕೊಂಡು ಓದಲು ಕೂತೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು, ಅರ್ಧ ತಿಳಿಯಲಿಲ್ಲ. ಭೂತಕನ್ನಡಿ ಬೇಕು.

ಹೊಲಿಗಿ_ಮಷೀನ್ (ಕಲಬುರಗಿ)

ಆಶಾ ಅಕ್ಕಾ, ನಿಮ್ಮ ಮಾತು ಕೇಳಿ ದವಾಖಾನಿಗಿ ಕರ್ಕೊಂಡು ಹೋಗಿದ್ದೆ. ಹಿಮೋಗ್ಲೋಬಿನ್ 8.6 ಬಂದದ, ಕಮ್ಮಿ ಆಗ್ಯದ. ಡಾಕ್ಟರಮ್ಮ ಇಷ್ಟು ದಿನ ಏನ್ ಮಾಡ್ತಿದ್ರಿ ಅಂದ್ರು. ಕಬ್ಬಿಣದ ಗುಳಿಗಿ ಕೊಟ್ಟಾರ, ಸ್ಕ್ಯಾನಿಂಗ್ ಬರ್ದಾರ, ಥೈರಾಯ್ಡ್ ನೋಡ್ಬೇಕಂತ. ನಾ ಪ್ಯಾಡಿನ ಉದ್ದ ಅಳ್ಕೋತ ಕುಂತಿದ್ದೆ. ಮನಸಿಗಿ ಹ್ಯಾಂಗೋ ಆಗ್ಯದ.

ಹುಡುಗಿ ಈಗ ಉದ್ದಂದೇ ಹಾಕ್ತಾಳ. ಡಬ್ಬಿ ಮ್ಯಾಲ ಮಾರ್ಕರಿಲೆ ನಾನೇ ಬರ್ದೀನಿ, 'ಹನ್ನೊಂದು ಇಂಚು, ಒಳಪಟ್ಟಿ ಒಂಬತ್ತು' ಅಂತ. ಮೆಡಿಕಲ್ ಅಣ್ಣಾರ, ನೀವೂ ಅಂಗಡ್ಯಾಗ ಹಂಗೇ ಒಂದು ಚೀಟಿ ಹಚ್ಚಬಾರ್ದಾ?

ಮೆಡಿಕಲ್_ಕೌಂಟರ್ (ಶಹಾಪುರ)

ಹಚ್ಚೀನಿ ಅಕ್ಕಾರ, ನಾಕು ದಿನ ಆತು. ಕಂಪನಿ ಹೆಸರಿಲ್ಲ, ಪ್ಯಾಕೆಟಿನ ಬಣ್ಣ, ಇಂಚು, ಒಂದಕ್ಕ ಎಷ್ಟು ರೂಪಾಯಿ, ಇಷ್ಟೇ ಬರ್ದು ರ‍್ಯಾಕಿನ ಮ್ಯಾಲ ಅಂಟಿಸೀನಿ. ಮೊದಲು ಓದ್ದಾಂವ ಬೀಡಿ ಕೇಳ್ಲಿಕ್ಕ ಬಂದ ಒಬ್ಬ ಮುದುಕ, ಇದೇನ್ ಪೈಪಿನ ಅಳತೇನಪಾ ಅಂದ. ನಿನ್ನಿ ಒಬ್ಬಾಕಿ ಬಂದು ಪೂರಾ ಓದಿ, ಬೆರಳು ತೋರಿಸ್ದೇ, "ಅಣ್ಣಾ, ಹನ್ನೊಂದು ಇಂಚಿಂದು ಕೊಡ್ರಿ" ಅಂದ್ಳು ನೋಡ್ರಿ. ಆಮ್ಯಾಲ ಪೇಪರ್ ಸುತ್ರಿ ಅಂದ್ಳು.

ಹೊಲಿಗಿ_ಮಷೀನ್ (ಕಲಬುರಗಿ)

ಒಳಪಟ್ಟಿ ಅಳತಿ ಬರ್ದೀರಿಲ್ಲೋ?

ಮೆಡಿಕಲ್_ಕೌಂಟರ್ (ಶಹಾಪುರ)

ಅದಕ್ಕ ಪ್ಯಾಕೆಟ್ ಒಡೀಬೇಕಲ್ರಿ ಅಕ್ಕಾರ. ಒಡೆದದ್ದು ಯಾರ್ ತಗೋತಾರ? ನಿಮ್ಮ ಟೇಪಿನ ಲೆಕ್ಕ ಕಳಿಸ್ರಿ, ಅದನ್ನೇ ಬರೀತೀನಿ.